ತಗಡಿನ ಶೆಡ್ಡಿನಲ್ಲಿ ಸತ್ತದ್ದು

ಶುಂಠಿ ಕೊಳೆತ ಮಡಿಯ ವಾಸನೆ ಎಂಥದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಮಳೆ ಹಿಡಿದು ಎಂಟು ದಿನವಾಗಿರುತ್ತದೆ, ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗುತ್ತವೆ. ಬುಡ ಹಿಡಿದು ಎಳೆದರೆ ಕಾಂಡ ಸಲೀಸಾಗಿ ಕೈಗೆ ಬಂದುಬಿಡುತ್ತದೆ, ಒಳಗೆ ಗಡ್ಡೆ ಗಂಜಿಯಾಗಿರುತ್ತದೆ. ಸೊರಬದ ಕಡೆಯ ನಮ್ಮ ಅರ್ಧ ಎಕರೆಯಲ್ಲಿ ಹೀಗೆ ಒಂದೊಂದೇ ಮಡಿ ಹೋದದ್ದನ್ನು ನೋಡಿ, ಮರುವರ್ಷ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿ ತಂದೆ.

ಮಾರ್ಚ್‌ನಲ್ಲೇ ತಂದು ತಗಡಿನ ಶೆಡ್ಡಿನಲ್ಲಿ ಯೂರಿಯಾ ಚೀಲದ ಪಕ್ಕ ಇಟ್ಟಿದ್ದೆ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಮನುಷ್ಯರೇ ನಿಲ್ಲಲಾಗುವುದಿಲ್ಲ. ಮೇ ತಿಂಗಳಲ್ಲಿ ಗಡ್ಡೆ ಊರಿ, ಪುಡಿ ಕಲಸಿದ ನೀರು ಹೊಯ್ದೆ. ಧೈರ್ಯ ಸಾಲದೆ ಮೂರನೇ ದಿನ ತಾಮ್ರದ ಔಷಧಿಯನ್ನೂ ಸುರಿದೆ. ಜುಲೈನಲ್ಲಿ ಕೊಳೆ ಬಂದೇ ಬಂತು. "ಅದೆಲ್ಲ ಬರೀ ಸುಣ್ಣದ ಪುಡಿ ಕಣೋ" ಎಂದರು ಪಕ್ಕದ ತೋಟದ ಮಾವ. ನಾನೂ ಹೌದೆಂದೆ.

ಆಮೇಲೆ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿನ ವಿಜ್ಞಾನಿ ಮೇಡಂ ಇದೇ ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯನ್ನು ಕತ್ತಲೆ ಕೋಣೆಗೆ ಒಯ್ದು ಅತಿನೇರಳೆ ದೀಪ ಹಾಕಿದರು. ಹಗಲಲ್ಲಿ ಗಂಜಿಯ ಕೆನೆಯಂತೆ ಕಂಡದ್ದು ಹಸಿರು-ಹಳದಿಯಾಗಿ ಬೆಳಗಿತು. ಸೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಹೆಸರು ಬಂದದ್ದೇ ಆ ಹೊಳಪಿನಿಂದ. ಹಾಗೆ ಹೊಳೆಯುವ ವಸ್ತುವೇ ಬೇರಿನ ಸುತ್ತಲಿನ ಕಬ್ಬಿಣವನ್ನು ಹಿಡಿದಿಡುತ್ತದೆ, ಕೊಳೆ ತರುವ ಪಿತಿಯಂಗೆ ಕಬ್ಬಿಣ ಸಿಗದಂತೆ ಮಾಡುತ್ತದೆ. ಕೆಲವು ತಳಿಗಳು ಪ್ರತಿಜೀವಕಗಳನ್ನೂ ಬಿಡುತ್ತವೆ, ಗಿಡದ ರೋಗನಿರೋಧಕ ಶಕ್ತಿಯನ್ನು ಮೊದಲೇ ಎಚ್ಚರಿಸಿಡುತ್ತವೆ. ಬೇರಿಗೆ ಅಂಟಿದ ಆ ತೆಳು ಮಣ್ಣಿಗೆ 1904ರಲ್ಲೇ ಜರ್ಮನಿಯ ಲೊರೆಂಜ್ ಹಿಲ್ಟ್ನರ್ ರೈಜೋಸ್ಫಿಯರ್ ಎಂದು ಹೆಸರಿಟ್ಟಿದ್ದರು. ಅಲ್ಲಿ ರೋಗ ಬೇರೂರುವ ಮೊದಲೇ ಈ ಬ್ಯಾಕ್ಟೀರಿಯಾಗಳು ನೆಲೆಯೂರಿರಬೇಕು.

ನನ್ನ ಪುಡಿಯ ಕಥೆ ಕೇಳಿದ ಮೇಡಂ, ಸೂಡೊಮೊನಾಸ್ ಬೀಜಕ ಕಟ್ಟುವುದಿಲ್ಲ ಎಂದರು. ಬ್ಯಾಸಿಲಸ್ ಆದರೆ ಬೀಜಕವಾಗಿ ಬಿಸಿಯನ್ನೂ ಒಣಹವೆಯನ್ನೂ ತಡೆದೀತು, ಇದಕ್ಕೆ ಆ ಕವಚವಿಲ್ಲ. ಶೆಡ್ಡಿನ ಕಾವಿಗೆ ಬಹುಪಾಲು ಅಲ್ಲೇ ಸತ್ತಿದ್ದವು, ಉಳಿದವನ್ನು ತಾಮ್ರ ಮುಗಿಸಿತ್ತು. ಕೇಳಿ ನಿಜಕ್ಕೂ ಸಂಕಟವಾಯಿತು.

ಈಗ ಏಪ್ರಿಲ್‌ನಲ್ಲಿ, ಮಡಿಗೆ ಹೋಗುವ ಮೊದಲೇ ಅವು ಗೊಬ್ಬರದಲ್ಲಿ ಬೆಳೆಯಲೆಂದು, ಹಲಸಿನ ಮರದ ನೆರಳಿಗೆ ಗೊಬ್ಬರದ ಗುಡ್ಡೆ ಹಾಕುತ್ತೇನೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ, ನೂರು ಕೆ.ಜಿ.ಗೆ ಒಂದು ಕೆ.ಜಿ. ಪುಡಿ. ನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ: ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಮೇಲೆ ಒದ್ದೆ ಗೋಣಿಚೀಲ. ನಾಲ್ಕು ದಿನಕ್ಕೊಮ್ಮೆ ತಿರುವುತ್ತಾ ಎರಡು ವಾರ. ಒಳಗೆ ಕೈಯಿಟ್ಟಾಗ ಬಿಸಿ ತಾಗಿದರೆ ಗೊಬ್ಬರ ಇನ್ನೂ ಕಳಿತಿಲ್ಲ, ಆ ಕಾವೂ ಇವುಗಳಿಗೆ ಆಗದು. ಬೀಜದ ಗಡ್ಡೆಯನ್ನು ಲೀಟರಿಗೆ 10 ಗ್ರಾಂ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆರಳಲ್ಲಿ ಆರಿಸುತ್ತೇನೆ. ತಾಮ್ರ ಹೊಯ್ಯಲೇಬೇಕಾದರೆ ಪುಡಿಗೂ ಅದಕ್ಕೂ ನಡುವೆ ಹದಿನೈದು ದಿನವಾದರೂ ಬಿಡುತ್ತೇನೆ.

ಕೊಳೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕೆಳಗಿನ ಎರಡು ಮಡಿಗಳಲ್ಲಿ ನೀರು ನಿಲ್ಲುತ್ತಿತ್ತು, ಬಸಿಗಾಲುವೆ ತೋಡುವವರೆಗೂ ಅವು ಕೊಳೆಯುತ್ತಲೇ ಇದ್ದವು. ಎಲೆ ಹಸಿರಿರುವಾಗಲೇ ಸುರುಳಿ ಸುತ್ತಿದರೆ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಇಳಿಸುತ್ತೇನೆ. ಹಾಲಿನಂಥ ಎಳೆ ಇಳಿದರೆ ಅದು ರಾಲ್‌ಸ್ಟೋನಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕೆಲಸ. ಅಂಥ ಗಿಡಗಳನ್ನು ಗಡ್ಡೆ ಸಮೇತ ಕಿತ್ತು ಸುಡುತ್ತೇನೆ. ಆ ಜಾಗಕ್ಕೆ ಪುಡಿಯನ್ನು ನಂಬಿ ಮತ್ತೆ ಶುಂಠಿ ಹಾಕುವುದಿಲ್ಲ.

ಪುಡಿಯನ್ನು ಗುಡ್ಡೆ ಹಾಕುವ ಹಿಂದಿನ ವಾರವಷ್ಟೇ ತರುತ್ತೇನೆ, ಮಣ್ಣಿನ ಗೋಡೆಯ ಉಗ್ರಾಣದಲ್ಲಿಡುತ್ತೇನೆ. ನಾನು ಪೇಟೆಯಿಂದ ಬಂದು ಚೀಲ ಇಳಿಸುವಾಗಲೇ ಹೆಂಡತಿ ಪೊಟ್ಟಣ ತಿರುಗಿಸಿ ತಯಾರಾದ ತಾರೀಖು ಓದುತ್ತಾಳೆ. ನಾಲ್ಕು ತಿಂಗಳು ದಾಟಿದ್ದರೆ ಮಾರನೇ ದಿನ ಮತ್ತೆ ಪೇಟೆಗೆ ಹೋಗುತ್ತೇನೆ.