ದೊಡ್ಡಪ್ಪನ ಕಾಗದ: ಹಳೇ ಸ್ಟೀರಿಯೊ, ಎಸ್.ಪಿ. ರಸ್ತೆಯ ಸಾಮಾನು

ಜಯನಗರ 4ನೇ ಬ್ಲಾಕ್

ಚಿ. ಪುಟ್ಟಿ,

ನಿಮ್ಮಪ್ಪನ ಆಂಪ್ಲಿಫೈಯರನ್ನು ಬಿಟಿಎಂನ ನಿನ್ನ ರೂಮಿಗೆ ಒಯ್ದಿದ್ದೀಯ ಎಂದು ಕೇಳಿ ತುಂಬ ಸಂತೋಷವಾಯಿತು. ಆನ್ ಮಾಡಿದರೆ ಗುಂಯ್ ಅನ್ನುತ್ತದೆ, ರಿಪೇರಿಯವರು ‘ಇದರ ಪಾರ್ಟ್ಸ್ ಈಗ ಬರಲ್ಲ, ಗುಜರಿಗೆ ಹಾಕಿ’ ಅಂದರು ಎಂದಿದ್ದೆಯಲ್ಲ, ದಯವಿಟ್ಟು ಹಾಕಬೇಡ. ಅದರೊಳಗೆ ಕಂಪನಿಯ ಸ್ವಂತದ್ದು ಅಂತ ಇರುವುದು ಮುಂದಿನ ಪ್ಲೇಟು, ನಾಬು, ಟ್ರಾನ್ಸ್‌ಫಾರ್ಮರು, ಇಷ್ಟೇ. ಮಿಕ್ಕಿದ್ದೆಲ್ಲ ನಂಬರ್ ಹೊಡೆದ ಮಾಮೂಲಿ ಸಾಮಾನು. ಅಂಗಡಿಯಲ್ಲಿ ಸೆಟ್ಟಿನ ಹೆಸರು ಎತ್ತಲೇಬೇಡ, ಪಾರ್ಟಿನ ಮೇಲಿರುವ ನಂಬರ್ ಹೇಳು. ‘ಸ್ಟಾಕ್ ಇಲ್ಲ’ ಅನ್ನುವವರೂ ಡಬ್ಬ ಕೆಳಗಿಳಿಸುತ್ತಾರೆ.

ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ನಿಲ್ಲದಿದ್ದರೆ ಮೊದಲ ಅನುಮಾನ ಫಿಲ್ಟರ್ ಕಂಡೆನ್ಸರುಗಳ ಮೇಲೆ. ನಮ್ಮ ಕರೆಂಟು 50 ಹರ್ಟ್ಸ್. ಬ್ರಿಡ್ಜ್ ಡಯೋಡ್ ದಾಟುವಾಗ ಅದು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಆ ಏರಿಳಿತವನ್ನು ಸಮ ಮಾಡುವ ಕಂಡೆನ್ಸರಿನ ಒಳದ್ರವ ಇಷ್ಟು ವರ್ಷಕ್ಕೆ ಒಣಗಿರುತ್ತದೆ. ಹಾಡು ಹಾಕಿದಾಗ ತಂಬೂರಿಯ ಶ್ರುತಿಯ ಅಡಿಯಲ್ಲಿ ನಿನಗೆ ಕೇಳಿಸುತ್ತಿರುವುದು ಆ ಏರಿಳಿತವೇ.

ಹಳೇ ಕಂಡೆನ್ಸರಿನ ಮೇಲೆ 2200 ಮೈಕ್ರೋಫ್ಯಾರಡ್, 50 ವೋಲ್ಟ್ ಅಂತಿದೆ ಅಂದುಕೋ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ 63 ಆದರೂ ಚಿಂತೆಯಿಲ್ಲ, 50ಕ್ಕಿಂತ ಕಡಿಮೆ ಮಾತ್ರ ಕೂಡದು. 85 ಡಿಗ್ರಿಯದು, 105 ಡಿಗ್ರಿಯದು ಎರಡೂ ಸಿಕ್ಕರೆ 105ರದ್ದೇ ತಗೋ, ಬಾಳಿಕೆ ಜಾಸ್ತಿ. ಹೊಸದು ಹಳೆಯದರ ಅರ್ಧದಷ್ಟೂ ಇರುವುದಿಲ್ಲ, ಮೋಸ ಹೋದೆ ಅಂದುಕೊಳ್ಳಬೇಡ, ಈಗಿನವು ಸಣ್ಣವೇ. ಹಳೇ ಕ್ಲಾಂಪಿನಲ್ಲಿ ಅಲ್ಲಾಡಿದರೆ ಕೇಬಲ್ ಟೈ ಹಾಕೋಣ. ಬಿಚ್ಚುವ ಮೊದಲು ಪ್ಲಸ್ಸು-ಮೈನಸ್ಸು ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೋ. ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ.

ಸಾಮಾನು ತರಲು ಎಸ್.ಪಿ. ರಸ್ತೆಗೆ ಹೋಗು. ಈಗ ಬಿಟಿಎಂನಿಂದ ಹಳದಿ ಮೆಟ್ರೊ ಇದೆಯಲ್ಲ, ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಬದಲಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿ. ಅಲ್ಲಿಂದ ನಡೆದೇ ಹೋಗಬಹುದು. ಭಾನುವಾರ ಬೇಡ, ಬಹಳಷ್ಟು ಅಂಗಡಿಗೆ ಬಾಗಿಲು. ಹಳೇ ಕಂಡೆನ್ಸರಿನ ಫೋಟೋ ತೋರಿಸಿದರೆ ಇನ್ನೂ ಒಳ್ಳೆಯದು. ದೊಡ್ಡದಕ್ಕೇ ಹತ್ತಾರು ರೂಪಾಯಿ, ಸಣ್ಣವು ಚಿಲ್ಲರೆ ಕಾಸಿಗೆ ಬರುತ್ತವೆ.

ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟಿದ್ದರೆ ಮಾತು ಬೇರೆ, ಅಲ್ಲಿ ಕಾಸು ಉಳಿಸಲು ಹೋಗಬೇಡ. ನಮ್ಮ ದೇಶದ ಹಳೇ ಸೆಟ್ಟುಗಳಲ್ಲಿ 2ಎನ್3055 ಎನ್ನುವ ಲೋಹದ ಟೋಪಿಯಂಥದ್ದು ಸಾಮಾನ್ಯ. ಅದರ ನಕಲಿಗಳು ಧಾರಾಳವಾಗಿವೆ. ಮೇಲೆ ಅದೇ ನಂಬರ್, ಒಳಗೆ ಸಣ್ಣ ಚಿಪ್; ವಾಲ್ಯೂಮ್ ಏರಿಸಿದ ದಿನ ಸುಟ್ಟು ಹೋಗುತ್ತದೆ. ಹೊಸ ಟ್ರಾನ್ಸಿಸ್ಟರ್ ಕೂರಿಸುವಾಗ ಅಡಿಯಲ್ಲಿರುವ ಅಭ್ರಕದ ತೆಳು ಹಾಳೆಯನ್ನು ಕಳೆಯಬೇಡ. ಟ್ರಾನ್ಸಿಸ್ಟರಿನ ಮೈಯೇ ಕಲೆಕ್ಟರ್, ಹಾಳೆ ಇಲ್ಲದೆ ಬಿಗಿದರೆ ಚಾಸಿಗೆ ನೇರ ಶಾರ್ಟ್. ಶಾಖ ದಾಟಿಸುವ ಹೊಸ ಪೇಸ್ಟ್ ಸವರಿ ಆ ಹಳೇ ಹಾಳೆಯನ್ನೇ ಹಾಕಬಹುದು.

ಒಳಗೆ ಎಸಿ187, ಎಸಿ188 ಥರದ ಜರ್ಮೇನಿಯಂ ಟ್ರಾನ್ಸಿಸ್ಟರ್ ಕಂಡರೆ ಮುಟ್ಟದೆ ನನಗೆ ಹೇಳು. ಒಂದು ಕಾಲಕ್ಕೆ ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಾಗುತ್ತಿತ್ತು, ಬೆಂಗಳೂರಿನವನಾಗಿ ನನಗೆ ಅದು ಇವತ್ತಿಗೂ ಹೆಮ್ಮೆ. ಈಗ ಅಂಥದ್ದು ಬೇಕೆಂದರೆ ಮಾರ್ಕೆಟ್ ಕಡೆಯ ಸಂಡೇ ಬಜಾರಿನಲ್ಲಿ ಸತ್ತ ರೇಡಿಯೊ ಬೋರ್ಡು ಹುಡುಕಿ ಕಿತ್ತುಕೊಳ್ಳಬೇಕು.

ಎಲ್ಲಾ ಕಂಡೆನ್ಸರೂ ಒಟ್ಟಿಗೆ ಬದಲಿಸಿಬಿಡು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಒಂದು ಬದಲಿಸು, ಕೇಳಿ ನೋಡು, ಆಮೇಲೆ ಇನ್ನೊಂದು. ವಾಲ್ಯೂಮಿನ ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಸಾಮಾನು ತಂದ ಮೇಲೆ ಒಬ್ಬಳೇ ಕೂತು ಕೈ ಹಾಕಬೇಡ ಮಗಳೇ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ. ಶನಿವಾರ ಆಟೋದಲ್ಲಿ ಸೆಟ್ಟು ಹಾಕಿಕೊಂಡು ಇಲ್ಲಿಗೇ ಬಾ. ಸೆಟ್ಟಿಗೆ ಬಲ್ಬಿನ ಮೂಲಕವೇ ಕರೆಂಟು ಕೊಡುವ ನನ್ನ ಸೀರೀಸ್ ಬೋರ್ಡಿಗೆ 100 ವಾಟಿನ ಹಳೇ ಬಲ್ಬ್ ಹಾಕಿಟ್ಟಿರುತ್ತೇನೆ, ಎಲ್‌ಇಡಿ ಇದಕ್ಕೆ ಆಗದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಊಟಕ್ಕೆ ಇಲ್ಲೇ ಇರು, ದೊಡ್ಡಮ್ಮನಿಗೆ ಹೇಳಿದ್ದೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ