ಮುಪ್ಪಿನಲ್ಲಿ ವಸಡಿನ ರೋಗ: ಚಿಕಿತ್ಸೆಯ ದಾರಿಗಳು

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಅದರಲ್ಲಿ ಅಡಗಿರುವ ಒಂದು ನಂಬಿಕೆಯನ್ನು ಮಾತ್ರ ಯಾರೂ ಪ್ರಶ್ನಿಸಿದಂತೆ ಕಾಣುವುದಿಲ್ಲ. ಕೂದಲು ನರೆಯುವಂತೆ ಹಲ್ಲು ಉದುರುವುದೂ ವಯಸ್ಸಿನ ಧರ್ಮ ಎಂಬುದೇ ಆ ನಂಬಿಕೆ. ಅದು ಎಷ್ಟರಮಟ್ಟಿಗೆ ಸರಿ, ಸರಿಯಲ್ಲವಾದರೆ ನಮ್ಮ ಮನೆಯ ಹಿರಿಯರಿಗೆ ಯಾವ ಚಿಕಿತ್ಸೆಗಳುಂಟು ಎಂಬುದನ್ನು ಇಲ್ಲಿ ವಿಚಾರಿಸೋಣ. ಲೇಖಕನು ವೈದ್ಯ ವಿದ್ಯಾರ್ಥಿಯಲ್ಲ, ಕಲಾವಿಭಾಗದವನು. ಆದರೂ ಈ ವಿಷಯವನ್ನು ಓದಲು ಒಂದು ಕಾರಣವಿದೆ.

ಕಳಸದ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಎರಡು ವರ್ಷಗಳ ಹಿಂದೆ ಅಕ್ಕಿರೊಟ್ಟಿಯನ್ನು ಬಿಟ್ಟು ಗಂಜಿಗೆ ಇಳಿದರು. ವಸಡಿನಲ್ಲಿ ರಕ್ತ, ಬಾಯಲ್ಲಿ ವಾಸನೆ, ಮುಂದಿನ ಎರಡು ಹಲ್ಲುಗಳಲ್ಲಿ ಅಲುಗಾಟ. ವೈದ್ಯರಲ್ಲಿಗೆ ಹೋಗೋಣವೆಂದರೆ, “ಎಪ್ಪತ್ತು ತುಂಬಿದ ಮೇಲೆ ಹಲ್ಲು ಯಾಕೆ ಮಗಾ? ಉದುರಬೇಕಾದ್ದು ಉದುರ್ತದೆ” ಎಂದುಬಿಟ್ಟರು. ಕೊನೆಗೆ ಒಪ್ಪಿಸಿ ಕರೆದುಕೊಂಡು ಹೋದ ಮೊದಲನೆಯ ಕಡೆಯಲ್ಲಿಯೂ ಅದೇ ಮಾತು: ಎಲ್ಲವನ್ನೂ ಕಿತ್ತು ಕಟ್ಟಿಸಿಕೊಳ್ಳುವುದು ಮೇಲು ಎಂದು. ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ಅಜ್ಜಿ ಮಾತನಾಡಲಿಲ್ಲ.

ರೋಗದ ಸ್ವರೂಪ

ಹಲ್ಲಿನ ಮೇಲೆ ದಿನವೂ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಅಂಟುಪೊರೆ ಕಟ್ಟುತ್ತದೆ. ಅದು ಸೂಕ್ಷ್ಮಜೀವಿಗಳ ವಸಾಹತು. ಉಜ್ಜಿ ತೆಗೆಯದೆ ಬಿಟ್ಟರೆ ವಸಡು ಕೆಂಪೇರಿ, ಊದಿ, ಮುಟ್ಟಿದರೆ ರಕ್ತ ಬರುತ್ತದೆ. ಪೊರೆಯು ಎಂಜಲಿನ ಲವಣಗಳನ್ನು ಹೀರಿ ಗಟ್ಟಿಯಾದರೆ ಅದೇ ಹಲ್ಲಿನ ಗಾರೆ. ಸುಶ್ರುತ ಸಂಹಿತೆಯು ಇದನ್ನು ದಂತಶರ್ಕರವೆಂದು ಕರೆದಿದೆ. ಇದನ್ನು ಕೆರೆದು ತೆಗೆಯುವ ದಂತಶಂಕು ಎಂಬ ಉಪಕರಣವನ್ನೂ ಹೆಸರಿಸಿದೆ. ಆದುದರಿಂದ ಹಲ್ಲು ‘ಕ್ಲೀನ್’ ಮಾಡಿಸುವುದು ಹೊಸ ಕಾಲದ ಶೋಕಿಯೆಂದು ಹೇಳುವವರಿಗೆ ನಮ್ಮ ಪ್ರಾಚೀನರೇ ಉತ್ತರ ಕೊಟ್ಟಿದ್ದಾರೆ.

ಈ ಹಂತದವರೆಗೆ ರೋಗವು ಪೂರ್ಣವಾಗಿ ಗುಣವಾಗತಕ್ಕದ್ದು. ಇದನ್ನು 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಬಹುಪಾಲು ವಿದ್ಯಾರ್ಥಿಗಳೇ ಇದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಟ್ಟಿತು. ಮತ್ತೆ ಉಜ್ಜತೊಡಗಿದೊಡನೆ ಕೆಲವೇ ದಿನಗಳಲ್ಲಿ ಸರಿಹೋಯಿತು.

ಅಲಕ್ಷ್ಯ ಮಾಡಿದರೆ ಮಾತ್ರ ಕೆಲವರಲ್ಲಿ ರೋಗ ಒಳಕ್ಕಿಳಿಯುತ್ತದೆ. ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಒಂದು ಸಂದು ಉಂಟಾಗುತ್ತದೆ. ವೈದ್ಯರು ಇದನ್ನು ಪಾಕೆಟ್, ಎಂದರೆ ಜೇಬು, ಎನ್ನುತ್ತಾರೆ. ಆರೋಗ್ಯವಂತ ವಸಡಿನಲ್ಲಿ ಸಂದಿನ ಆಳ 1ರಿಂದ 3 ಮಿಲಿಮೀಟರು. ರೋಗದಲ್ಲಿ ಅದು 4, 6, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಳಗೆ ದವಡೆಯ ಎಲುಬು ಕರಗುತ್ತ ಹೋಗುತ್ತದೆ. ಹಿಂದೆ ಪಯೋರಿಯಾ ಎಂದು ಕರೆಯುತ್ತಿದ್ದ ಈ ಸ್ಥಿತಿಗೆ ಈಗಿನ ಹೆಸರು ಪೆರಿಯೊಡಾಂಟೈಟಿಸ್. ಕರಗಿದ ಎಲುಬು ತಾನಾಗಿ ಹಿಂದಿರುಗದು, ಆದರೆ ಕರಗುವುದನ್ನು ನಿಲ್ಲಿಸಬಹುದು. ಮುಪ್ಪಿನ ಚಿಕಿತ್ಸೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ವಯಸ್ಸೋ, ಅಲಕ್ಷ್ಯವೋ?

ನಮ್ಮಂಥದೇ ಬೆಟ್ಟದ ತೋಟಗಳಿಂದ ಒಂದು ನಿದರ್ಶನವಿದೆ. 1970ರಿಂದ 1985ರವರೆಗೆ ಅದೇ ಲೋ ಮತ್ತು ಸಂಗಡಿಗರು ಶ್ರೀಲಂಕೆಯ ಚಹಾ ತೋಟಗಳ ಗಂಡಾಳುಗಳನ್ನು ಪರೀಕ್ಷಿಸುತ್ತ ಬಂದರು. ಮೊದಲಲ್ಲಿ ಅವರ ಸಂಖ್ಯೆ 480. ಅವರಿಗೆ ಹಲ್ಲುಜ್ಜುವ ರೂಢಿಯೂ ಇರಲಿಲ್ಲ, ದಂತವೈದ್ಯರ ನೆರವೂ ಇರಲಿಲ್ಲ. ಶೇಕಡ 8 ಮಂದಿಯಲ್ಲಿ ರೋಗ ಅತಿವೇಗವಾಗಿ ಬೆಳೆದು 45ನೆಯ ವಯಸ್ಸಿನ ವೇಳೆಗೆ ಹೆಚ್ಚುಕಡಿಮೆ ಎಲ್ಲ ಹಲ್ಲುಗಳೂ ಹೋದವು. ಶೇಕಡ 81 ಮಂದಿಯಲ್ಲಿ ನಿಧಾನವಾಗಿ ಬೆಳೆಯಿತು. ಶೇಕಡ 11 ಮಂದಿಯಲ್ಲಿ ವಸಡಿನ ಊತವನ್ನು ದಾಟಿ ಮುಂದುವರಿಯಲೇ ಇಲ್ಲ.

ಇದಕ್ಕೆ ಎದುರಾಗಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಪಟ್ಟಣದಲ್ಲಿ 1972ರಿಂದ 30 ವರ್ಷ ನಡೆದ ಕೆಲಸವನ್ನು ಇಡಬಹುದು. ಅಲ್ಲಿ ಜನರಿಗೆ ಶುಚಿ ಮಾಡುವ ಕ್ರಮವನ್ನು ಕಲಿಸಿ, ಕಾಲಕಾಲಕ್ಕೆ ಕರೆಸಿ ಹಲ್ಲು ಶುದ್ಧಮಾಡಿದರು. ಆರಂಭದಲ್ಲಿ 51ರಿಂದ 65 ವಯಸ್ಸಿನವರಾಗಿದ್ದವರು ಈ 30 ವರ್ಷಗಳಲ್ಲಿ ಕಳೆದುಕೊಂಡದ್ದು ಸರಾಸರಿ 1.8 ಹಲ್ಲು! ಒಂದು ಕಡೆ ನಲವತ್ತೈದಕ್ಕೆ ಬೋಡುಬಾಯಿ, ಇನ್ನೊಂದು ಕಡೆ ಎಂಬತ್ತು ದಾಟಿದರೂ ಹಲ್ಲು. ಆದುದರಿಂದ ವಯಸ್ಸೇ ಹಲ್ಲನ್ನು ಉದುರಿಸುತ್ತದೆಂಬ ಮಾತು ನಿಲ್ಲಲಾರದು. ವಯಸ್ಸು ಮಾಡುವುದಿಷ್ಟೇ: ವರ್ಷವರ್ಷದ ಅಲಕ್ಷ್ಯವನ್ನು ಕೂಡಿಸಿ ಒಮ್ಮೆಗೆ ಲೆಕ್ಕ ಒಪ್ಪಿಸುತ್ತದೆ.

ಚಿಕಿತ್ಸೆಯ ಮೆಟ್ಟಿಲುಗಳು

ಯೂರೋಪಿನ ವಸಡುತಜ್ಞರ ಒಕ್ಕೂಟ 2020ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಚಿಕಿತ್ಸೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದೆ.

ಮೊದಲನೆಯದು ಮನೆಯಲ್ಲಿ ಆಗತಕ್ಕದ್ದು. ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆರಡು ಸಲ ಉಜ್ಜುವುದು, ಹಲ್ಲಿನ ಸಂದುಗಳನ್ನು ಸಣ್ಣ ಸಂದುಬ್ರಷ್ಷಿನಿಂದ ಶುಚಿ ಮಾಡುವುದು, ಹೊಗೆಸೊಪ್ಪನ್ನು ಬಿಡುವುದು. ನಮ್ಮ ಹಿರಿಯರು ಉಮಿಕರಿಯಲ್ಲಿಯೂ ಇದ್ದಿಲಿನಲ್ಲಿಯೂ ತಿಕ್ಕುತ್ತಿದ್ದರು. ಒರಟು ಪುಡಿ ಹಲ್ಲನ್ನು ಸವೆಸುತ್ತದೆಯೇ ಹೊರತು ಸಂದನ್ನು ತಲುಪುವುದಿಲ್ಲ. ಎಲೆಯಡಿಕೆಯ ಮಾತೂ ಇಲ್ಲಿ ಬರಬೇಕು. ಅಡಿಕೆ ಬೆಳೆಯುವ ಸೀಮೆಯಲ್ಲಿ ಹೇಳುವುದು ಕಷ್ಟವಾದರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೀಡಿ ಸೇದುವವರಲ್ಲಿ ಇನ್ನೊಂದು ಮೋಸವುಂಟು: ಹೊಗೆಯು ವಸಡಿನ ರಕ್ತವನ್ನು ತಗ್ಗಿಸಿ ರೋಗವನ್ನು ಮರೆಮಾಡುತ್ತದೆ. ನಮ್ಮ ಕಾಫಿ ಮಾತ್ರ ನಿರ್ದೋಷಿ. ಅದು ಕಲೆ ಕಟ್ಟುತ್ತದೆ, ಅದರೊಳಗಿನ ಸಕ್ಕರೆ ಹುಳುಕು ತರುತ್ತದೆ, ವಸಡನ್ನು ಕೆಡಿಸುವುದಿಲ್ಲ.

ಎರಡನೆಯ ಮೆಟ್ಟಿಲು ವಸಡಿನ ಕೆಳಗಿನ ಗಾರೆಯನ್ನು ತೆಗೆಯುವುದು. ಬೇಕಾದರೆ ಮರಗಟ್ಟಿಸುವ ಸೂಜಿ ಹಾಕಿ, ಸಂದಿನೊಳಕ್ಕೆ ಉಪಕರಣವಿಟ್ಟು ಬೇರನ್ನು ಶುಚಿ ಮಾಡುತ್ತಾರೆ. ಇದರಿಂದ ಹಲ್ಲು ಸಡಿಲವಾಗುತ್ತದೆಂಬ ಭಯ ನಮ್ಮಲ್ಲಿ ಬಹಳ. ನಿಜಾಂಶವೇನೆಂದರೆ, ಊತ ಇಳಿದಾಗ ಹಲ್ಲಿನ ಬುಡ ಹೊರಗೆ ಕಾಣುತ್ತದೆ, ಕೆಲವು ಕಾಲ ತಣ್ಣೀರು ಜುಮ್ಮೆನಿಸುತ್ತದೆ. ಸಡಿಲ ಮಾಡಿದ್ದು ರೋಗ, ಗಾರೆ ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ. ಔಷಧಿ ಅಂಗಡಿಯ ಮಾತ್ರೆ ಈ ಕೆಲಸಕ್ಕೆ ಬದಲಿಯಲ್ಲ. ಪೊರೆಯೂ ಗಾರೆಯೂ ಅಲ್ಲಿಯೇ ಉಳಿದರೆ ನೋವು ಅಡಗಿ ಮತ್ತೆ ಏಳುತ್ತದೆ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವೂ ಕೆಲವು ದಿನಗಳ ಸಹಾಯಕ ಮಾತ್ರ. ಹೆಚ್ಚು ಕಾಲ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ.

ಮೂರನೆಯದು ಶಸ್ತ್ರಚಿಕಿತ್ಸೆ. ಕೆಲವು ವಾರಗಳ ನಂತರ ಮತ್ತೆ ಅಳೆದು ನೋಡಿದಾಗ 6 ಮಿಲಿಮೀಟರಿಗೆ ಕಡಿಮೆಯಿಲ್ಲದ ಸಂದು ಉಳಿದಿದ್ದರೆ ವಸಡನ್ನು ಬಿಡಿಸಿ ಒಳಗನ್ನು ಶುದ್ಧಮಾಡಿ ಹೊಲಿಯುತ್ತಾರೆ. ಇದಕ್ಕೆ ವಯಸ್ಸೊಂದೇ ಅಡ್ಡಿಯಲ್ಲ, ದೇಹಸ್ಥಿತಿ ನೋಡಬೇಕು.

ಕೊನೆಯದೂ ಮುಖ್ಯವಾದುದೂ ಪಾಲನೆ: ರೋಗದ ತೀವ್ರತೆಯಂತೆ 3ರಿಂದ 12 ತಿಂಗಳಿಗೊಮ್ಮೆ ತೋರಿಸುವುದು. ನಮ್ಮ ಸೀಮೆಯಲ್ಲಿ ಮುರಿದುಬೀಳುವ ಮೆಟ್ಟಿಲು ಇದೇ. ಕುಯ್ಲಿನ ಕಾಲದಲ್ಲಿ ಬಿಡುವಿಲ್ಲ, ಮಳೆಗಾಲದಲ್ಲಿ ದಾರಿಯಿಲ್ಲ. ಆದುದರಿಂದ ಕುಯ್ಲಿಗೆ ಮುಂಚೆ ಒಮ್ಮೆ, ಮಳೆ ಹಿಡಿಯುವ ಮುಂಚೆ ಒಮ್ಮೆ ಎಂದಾದರೂ ಗೊತ್ತುಮಾಡಿಕೊಳ್ಳುವುದು ಲೇಸು.

ಹಿರಿಯರ ವಿಷಯದಲ್ಲಿ ವಿಶೇಷ ಗಮನ

ಸಕ್ಕರೆ ಕಾಯಿಲೆಯಿದ್ದವರಲ್ಲಿ ವಸಡಿನ ರೋಗ ಹೆಚ್ಚು. ವಸಡಿನ ರೋಗವಿದ್ದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ವಸಡಿಗೆ ಚಿಕಿತ್ಸೆ ಮಾಡಿದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆಯೂ ಸ್ವಲ್ಪ ಇಳಿಯುವುದೆಂದು ಸಂಶೋಧನೆಗಳು ತೋರಿಸಿವೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್‌ನಂಥ ಮಾತ್ರೆಯಿಂದ ಕೆಲವರ ವಸಡು ಬೆಳೆಯಬಹುದು. ರಕ್ತ ತೆಳುವಾಗಿಸುವ ಮಾತ್ರೆ, ಎಲುಬು ಸವೆತಕ್ಕೆ ಕೊಡುವ ಕೆಲವು ಔಷಧಗಳು, ಹೃದಯದಲ್ಲಿ ಕೂಡಿಸಿದ ಕವಾಟ ಇವುಗಳನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಕೈ ನಡುಗುವವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿಕೊಟ್ಟರೆ ಹಿಡಿತ ಸುಲಭ. ಹಾಸಿಗೆ ಹಿಡಿದವರಿಗೆ ಮನೆಯವರೇ ಉಜ್ಜಬೇಕು. ಅಲ್ಲಿ ಗುರಿ ನೋವಿಲ್ಲದ ಬಾಯಿ, ಎಲ್ಲ ಹಲ್ಲನ್ನೂ ಉಳಿಸಬೇಕೆಂಬ ಹಟವಲ್ಲ.

ಕೀಳಲೇಬೇಕಾದ ಹಲ್ಲೂ ಉಂಟು. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ‘ದಂತಭಾಗ್ಯ’ ಯೋಜನೆಯನ್ನು ನಮ್ಮ ರಾಜ್ಯ 2014-15ರ ವೇಳೆಗೆ ಆರಂಭಿಸಿದ್ದು ಸ್ತುತ್ಯವೇ. ಆದರೆ ಕಟ್ಟಿಸಿದ ಹಲ್ಲಿಗೆ ಸಹಜ ಹಲ್ಲಿನ ಬಲದ ಒಂದು ಪಾಲು ಮಾತ್ರ ಬರುತ್ತದೆ. ಇರುವುದನ್ನು ಉಳಿಸುವುದು ಅದಕ್ಕಿಂತ ಮೊದಲಿನ ಭಾಗ್ಯ.

ನಮ್ಮ ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಎರಡನೆಯ ಕಡೆಯ ವೈದ್ಯರು ಸಂದುಗಳನ್ನು ಒಂದೊಂದಾಗಿ ಅಳೆದು, ಅಲುಗುತ್ತಿದ್ದ ಎರಡನ್ನೇ ಕಿತ್ತು, ಉಳಿದ ಹದಿನೇಳನ್ನು ನಾಲ್ಕು ಭೇಟಿಗಳಲ್ಲಿ ಶುಚಿ ಮಾಡಿದರು. ಎಲೆಯಡಿಕೆಯನ್ನು ಅಜ್ಜಿ ಪೂರ್ತಿ ಬಿಟ್ಟಿಲ್ಲ, ಹೊಗೆಸೊಪ್ಪನ್ನು ಬಿಟ್ಟಿದ್ದಾರೆ. ರೊಟ್ಟಿ ಮತ್ತೆ ತಟ್ಟೆಗೆ ಬಂದಿದೆ, ಅಂಚು ಮಾತ್ರ ನಮಗೆ.

ಮಿತ್ರರೇ, ಈ ರೋಗ ಬಹುಕಾಲ ನೋವು ಕೊಡುವುದಿಲ್ಲ, ಆದುದರಿಂದ ಹಿರಿಯರು ತಾವಾಗಿ ಹೇಳುವುದಿಲ್ಲ. ರಜೆಗೆ ಊರಿಗೆ ಹೋದಾಗ ಒಂದು ಬೆಳಿಗ್ಗೆ ಅವರು ಬಾಯಿ ಮುಕ್ಕಳಿಸಿದ ನೀರನ್ನು ನೋಡಿರಿ. ಅದರಲ್ಲಿ ಕೆಂಪು ಕಂಡರೆ, ಎಲೆಯಡಿಕೆಯದೆಂದು ಸುಮ್ಮನಾಗದೆ ವಿಚಾರಿಸಿರಿ. ಓದಿದ ಮೊಮ್ಮಕ್ಕಳಿಂದ ಅವರಿಗೆ ಅಷ್ಟಾದರೂ ಉಪಕಾರವಾಗಲಿ.