ರೇಷ್ಮೆ ಹುಳುವಿನ ಕರುಳು: ಕೋಶಗಳ ರಚನೆ ಮತ್ತು ಕಾರ್ಯ



ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ ಸಿಗುತ್ತದೆ. ಅಲ್ಲಿಗೆ ಬರುವ ಗೂಡುಗಳೆಲ್ಲ ಹಿಪ್ಪುನೇರಳೆ ಸೊಪ್ಪನ್ನು ಹುಳು ಜೀರ್ಣಿಸಿಕೊಂಡದ್ದರ ಫಲ. ಆ ಕೆಲಸ ನಡೆಯುವುದು ಹೇಗೆ?

ಜಿರಳೆಯಂತೆ ರೇಷ್ಮೆ ಹುಳುವಿಗೂ ಮುಂಗರುಳು, ಮಧ್ಯಕರುಳು, ಹಿಂಗರುಳು ಎಂಬ ಮೂರು ಭಾಗಗಳಿವೆ. ಮುಂಗರುಳು ಮತ್ತು ಹಿಂಗರುಳಿನ ಒಳಭಾಗಕ್ಕೆ ಕೈಟಿನ್ ಇರುವ ಕ್ಯೂಟಿಕಲ್ ಹೊದಿಕೆಯಿದೆ. ಹುಳು ಪೊರೆ ಬಿಡುವಾಗ ಇದೂ ಕಳಚುತ್ತದೆ. ಮಧ್ಯಕರುಳಿಗೆ ಈ ಹೊದಿಕೆಯಿಲ್ಲ. ಬದಲಿಗೆ ತೆಳುವಾದ ಪೆರಿಟ್ರೋಫಿಕ್ ಪೊರೆ ಆಹಾರವನ್ನು ಸುತ್ತುವರಿದು, ಒರಟು ಸೊಪ್ಪು ಕೋಶಗಳಿಗೆ ತಾಗದಂತೆ ಕಾಯುತ್ತದೆ.

ಮಧ್ಯಕರುಳಿನ ಮುಖ್ಯ ಕೋಶಗಳು ಮೂರು ಬಗೆ.

1. ಸ್ತಂಭಕೋಶಗಳು: ಕಿಣ್ವಗಳನ್ನು ಸ್ರವಿಸುತ್ತವೆ, ಜೀರ್ಣವಾದ ಆಹಾರವನ್ನು ಹೀರಿಕೊಳ್ಳುತ್ತವೆ. ತುದಿಯಲ್ಲಿರುವ ಮೈಕ್ರೋವಿಲೈಗಳು ಹೀರುವ ಮೇಲ್ಮೈಯನ್ನು ಹೆಚ್ಚಿಸುತ್ತವೆ.

2. ಗಾಬ್ಲೆಟ್ ಕೋಶಗಳು: ಬಟ್ಟಲಿನ ಆಕಾರದವು. ಇವು ಪೊಟ್ಯಾಸಿಯಂ ಅಯಾನುಗಳನ್ನು ಕರುಳಿನೊಳಕ್ಕೆ ಸಾಗಿಸುತ್ತವೆ. ಕರುಳಿನ ರಸ ಪಿಎಚ್ 9ಕ್ಕೂ ಮೀರಿದ ಕ್ಷಾರವಾಗಿರಲು ಇದು ನೆರವಾಗುತ್ತದೆ.

3. ಪುನರುತ್ಪಾದಕ ಕೋಶಗಳು: ಬುಡದಲ್ಲಿರುವ ಚಿಕ್ಕ ಕೋಶಗಳು. ವಿಭಜನೆಗೊಂಡು ಹೊಸ ಕೋಶಗಳನ್ನು ಕೊಡುತ್ತವೆ. ಹುಳು ನಾಲ್ಕು ಬಾರಿ ಪೊರೆ ಬಿಟ್ಟು ಬೆಳೆಯುವಾಗ ಕರುಳೂ ಬೆಳೆಯುವುದು ಇವುಗಳಿಂದ.

ಈಗ ಒಂದು ಮುಖ್ಯ ಅಂಶ ಗಮನಿಸಿ. ರೈತರು ಹೆದರುವ ಹಾಲುತೊಂಡೆ ರೋಗಕ್ಕೆ ಕಾರಣ ಒಂದು ವೈರಸ್. ಅದು ಪ್ರೋಟೀನಿನ ಹರಳಿನೊಳಗೆ ಅಡಗಿ ಸೊಪ್ಪಿನ ಜೊತೆ ಹೊಟ್ಟೆ ಸೇರುತ್ತದೆ. ಸೊಪ್ಪನ್ನು ಜೀರ್ಣಿಸಲು ನೆರವಾಗುವ ಕ್ಷಾರ ರಸವೇ ಆ ಹರಳನ್ನೂ ಕರಗಿಸಿಬಿಡುತ್ತದೆ! ಹೊರಬಂದ ವೈರಸ್ ಸ್ತಂಭಕೋಶಗಳನ್ನು ಹೊಕ್ಕು, ಅಲ್ಲಿಂದ ಇಡೀ ದೇಹಕ್ಕೆ ಹರಡುತ್ತದೆ. ಹುಳು ಊದಿಕೊಂಡು, ಚರ್ಮ ಒಡೆದು ಹಾಲಿನಂಥ ದ್ರವ ಸೋರಿ ಸಾಯುತ್ತದೆ. ರೋಗ ತಗುಲಿದ ಹುಳುವನ್ನು ಉಳಿಸುವ ಔಷಧಿಯಿಲ್ಲ. ಸಾಲ ಮಾಡಿ ಹುಳು ಸಾಕಿದ ಕುಟುಂಬಕ್ಕೆ ಆ ಬೆಳೆ ಕೈತಪ್ಪಿದಂತೆಯೇ.

ಹಾಗಾಗಿ ವೈರಸ್ಸನ್ನು ಕರುಳಿನ ಹೊರಗೇ ತಡೆಯಬೇಕು. ಸಾಕಣೆ ಮನೆಯನ್ನು ತೊಳೆಯುವ ಬ್ಲೀಚಿಂಗ್ ಪುಡಿಯ ದ್ರಾವಣಕ್ಕೆ ಅರಳಿದ ಸುಣ್ಣ ಬೆರೆಸುವುದು ಇದಕ್ಕೇ. ಸುಣ್ಣದ ಕ್ಷಾರ ಹರಳನ್ನು ಕರಗಿಸುತ್ತದೆ. ಬಯಲಾದ ವೈರಸ್ಸನ್ನು ಬ್ಲೀಚಿಂಗ್ ಪುಡಿಯ ಕ್ಲೋರಿನ್ ನಾಶಮಾಡುತ್ತದೆ. ಕರುಳಿನ ರಸಾಯನಶಾಸ್ತ್ರ ತಿಳಿದಿದ್ದರಿಂದಲೇ ಈ ಉಪಾಯ ಅರ್ಥವಾಗುತ್ತದೆ.

ನೀವೇ ಉತ್ತರಿಸಿ:

1. ಮಧ್ಯಕರುಳಿಗೆ ಕ್ಯೂಟಿಕಲ್ ಹೊದಿಕೆ ಇದ್ದಿದ್ದರೆ ಹೀರಿಕೆಗೆ ಏನಾಗುತ್ತಿತ್ತು?

2. ಗಾಬ್ಲೆಟ್ ಕೋಶಗಳು ಕೆಲಸ ನಿಲ್ಲಿಸಿದರೆ ಕರುಳಿನ ಪಿಎಚ್ ಏರುತ್ತದೆಯೇ, ಇಳಿಯುತ್ತದೆಯೇ? ಕಾರಣ ಕೊಡಿ.

3. ಮೂರೂ ಬಗೆಯ ಕೋಶಗಳ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ.